ತೋಟದ ಅಳತೆ ಕಂಪ್ಯೂಟರ್ ನಕ್ಷೆಗೆ ಏರುವ ಮುನ್ನ: ಸರ್ವೆಯರರಲ್ಲಿ ನಾವು ಕೇಳಬೇಕಾದದ್ದೇನು?



ನಮ್ಮ ಹಿರಿಯರ ಕಾಲದಲ್ಲಿ ಮೋಜಣಿ ಎಂದರೆ ಸರಪಳಿ, ಬಾಂದುಕಲ್ಲು ಮತ್ತು ಟಿಪ್ಪಣಿ ಪುಸ್ತಕ. ಹಳೆ ಮೈಸೂರು ಭಾಗದಲ್ಲಿ 33 ಅಡಿಯ ಸರಪಳಿ. ಅದರ ಹದಿನಾರನೆಯ ಒಂದು ಪಾಲಿಗೆ ಆಣೆ ಎಂದು ಹೆಸರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ. ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ 66 ಅಡಿಯ ಸರಪಳಿ, ಅದರಲ್ಲಿ ನೂರು ಕೊಂಡಿ; ಲೆಕ್ಕವೆಲ್ಲ ಎಕ್ರೆ ಮತ್ತು ಸೆಂಟ್ಸುಗಳಲ್ಲಿ. ಅಂದು ಅಳೆದವರು ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಷ್ಟು ದೂರವೆಂದು ಬರೆದಿಟ್ಟರು. ಆದ್ದರಿಂದಲೇ ಇಂದಿಗೂ ತಕರಾರು ಬಂದಾಗ ಟಿಪ್ಪಣಿಯ ನಕಲು ತೆಗೆಸಿ ಕಲ್ಲು ಹುಡುಕಲು ಸಾಧ್ಯವಾಗಿದೆ.

ಇಂದು ಅಳತೆಯ ಸಾಧನ ಬದಲಾಗಿದೆ. ಉಪಗ್ರಹಗಳಿಂದ ಸ್ಥಾನ ತಿಳಿಯುವ ಯಂತ್ರವಿದೆ, ಡ್ರೋನ್ ಇದೆ, ಜೇಬಿನಲ್ಲಿರುವ ಫೋನೂ ಅಳೆಯುತ್ತದೆ. ಅನೇಕ ಸಂಘಗಳು ಸದಸ್ಯರ ತೋಟಗಳನ್ನೆಲ್ಲ ಅಳೆಯಿಸಿ ಕಂಪ್ಯೂಟರಿನಲ್ಲಿ ಒಂದೇ ನಕ್ಷೆಯಾಗಿ ಇಡುವ ಆಲೋಚನೆಯಲ್ಲಿವೆ. ಆಲೋಚನೆ ಒಳ್ಳೆಯದೇ. ಆದರೆ ಕೆಲಸ ವಹಿಸುವಾಗ "ನಮ್ಮ ತೋಟಗಳ ನಕ್ಷೆ ಮಾಡಿಕೊಡಿ" ಎಂದಷ್ಟೇ ಹೇಳಿದರೆ, ಬಣ್ಣಬಣ್ಣದ ಒಂದು ಕಾಗದ ಕೈಗೆ ಬರುತ್ತದೆ. ಎರಡು ವರ್ಷ ಕಳೆದು ಅದನ್ನು ಯಾವುದಾದರೂ ಕೆಲಸಕ್ಕೆ ಬಳಸಹೊರಟಾಗ, ಬೇಕಾದದ್ದು ಅದರಲ್ಲಿಲ್ಲವೆಂದು ತಿಳಿಯುತ್ತದೆ.

ಆದುದರಿಂದ ಈ ಲೇಖನದಲ್ಲಿ ಹೇಳಬೇಕಾಗಿರುವುದು ಒಂದೇ ಮಾತು: ಅಳೆಯುವ ಮುನ್ನವೇ ನಮಗೆ ಏನು ಬೇಕೆಂಬುದನ್ನು ಪಟ್ಟಿಮಾಡಿ ಬರೆದು ಕೊಡಬೇಕು. ಬರೆದು ಕೇಳದ ಮಾಹಿತಿ ಬರುವುದಿಲ್ಲ. ಬಾರದ ಮಾಹಿತಿಯನ್ನು ಆಮೇಲೆ ಸೇರಿಸಬೇಕಾದರೆ ಇನ್ನೊಮ್ಮೆ ಖರ್ಚು ಮಾಡಿ ತೋಟಕ್ಕಿಳಿಯಬೇಕು. ಆ ಪಟ್ಟಿಯಲ್ಲಿ ಏನೇನಿರಬೇಕು, ಏಕೆ ಇರಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಭೂಮಾಹಿತಿ ವ್ಯವಸ್ಥೆ ಎಂದರೇನು?

ಜಿ.ಐ.ಎಸ್. ಎಂಬ ಮೂರಕ್ಷರದ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಗ್ರಾಮ ನಕಾಶೆ ಒಂದು ಕಡೆ, ಪಹಣಿ ಪುಸ್ತಕ ಇನ್ನೊಂದು ಕಡೆ ಇದ್ದದ್ದನ್ನು ಒಟ್ಟಿಗೆ ಹೊಲಿದಂತೆ ಇದರ ರಚನೆ. ನಕ್ಷೆಯ ಮೇಲೆ ಒಂದು ತೋಟವನ್ನು ಮುಟ್ಟಿದರೆ ಅದರ ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ನೆಟ್ಟ ವರ್ಷ ಎಲ್ಲ ಸಾಲಾಗಿ ಕಾಣುತ್ತದೆ. ತಿರುಗಿ, "ಹಳದಿ ಎಲೆ ರೋಗ ಬಂದಿರುವ ತೋಟಗಳು ಯಾವುವು?" ಎಂದು ಪಟ್ಟಿಯಲ್ಲಿ ಕೇಳಿದರೆ ಆ ತೋಟಗಳು ಮಾತ್ರ ನಕ್ಷೆಯಲ್ಲಿ ಬಣ್ಣ ತಳೆಯುತ್ತವೆ.

ಇದರಲ್ಲಿ ಭೂಮಿಯ ಮೇಲಿನ ವಸ್ತುಗಳನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ. ಬಾವಿ, ಬೋರ್‌ವೆಲ್, ಬಾಂದುಕಲ್ಲು ಇವು ಬಿಂದುಗಳು. ದಾರಿ, ತೋಡು, ಪೈಪ್‌ಲೈನು, ಅಗಳು ಇವು ಗೆರೆಗಳು. ತೋಟ, ಕೆರೆ, ಒಣಗಿಸುವ ಕಣ ಇವು ಸುತ್ತು ಮುಚ್ಚಿದ ಆಕೃತಿಗಳು. ಇವುಗಳಿಗೆ ಪಾಲಿಗಾನ್ ಎಂದು ಹೆಸರು. ಯಾವ ವಸ್ತುವನ್ನು ಯಾವ ಬಗೆಯಲ್ಲಿ ಬರೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡಿ ತಿಳಿಸಬೇಕು. ಬಾವಿಯನ್ನು ಒಬ್ಬರು ಬಿಂದುವಾಗಿಯೂ ಇನ್ನೊಬ್ಬರು ವೃತ್ತವಾಗಿಯೂ ಬರೆದರೆ ಸಂಘದಲ್ಲಿ ಎಷ್ಟು ಬಾವಿಗಳಿವೆ ಎಂಬ ಸರಳ ಎಣಿಕೆಯೂ ತಪ್ಪುತ್ತದೆ.

ಮೊದಲ ಪ್ರಶ್ನೆ: ಯಾತಕ್ಕಾಗಿ?

ಅಳತೆಯ ಉದ್ದೇಶ ತಿಳಿಯದೆ ಅಳತೆಯ ವಿಧಾನವನ್ನು ಗೊತ್ತುಮಾಡಲಾಗದು. ನಮ್ಮಂಥ ಸಣ್ಣ ಬೆಳೆಗಾರರಿಗೆ ನಕ್ಷೆ ಬೇಕಾಗುವ ಕಾರಣಗಳು ಸಾಮಾನ್ಯವಾಗಿ ನಾಲ್ಕು.

ಒಂದು, ಕಾಫಿ ಮಾರಾಟ. ಯುರೋಪಿನ ಒಕ್ಕೂಟವು 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮದ ಪ್ರಕಾರ, ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನಲ್ಲಿ ಬೆಳೆದದ್ದೆಂದು ಅಕ್ಷಾಂಶ ರೇಖಾಂಶ ಸಹಿತ ತಿಳಿಸಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಮೀನಿನ ಕಾಫಿ ಅಲ್ಲಿ ಮಾರಾಟವಾಗುವಂತಿಲ್ಲ. ನಿಯಮ ಜಾರಿಗೆ ಬರುವ ದಿನವನ್ನು 2024ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ಮುಂದೂಡಿದ್ದಾರೆ. ಅಡಿಕೆ ಈ ನಿಯಮದ ಪಟ್ಟಿಯಲ್ಲಿಲ್ಲ. ಆದರೆ ನಮ್ಮಲ್ಲಿ ಕಾಫಿ, ಅಡಿಕೆ ಎರಡೂ ಒಂದೇ ತೋಟದಲ್ಲಿರುವುದು ಸಾಮಾನ್ಯವಾದ್ದರಿಂದ ಅಡಿಕೆಯವರೂ ಇದನ್ನು ತಿಳಿದಿರುವುದು ಒಳ್ಳೆಯದು.

ಎರಡು, ರೋಗ ಮತ್ತು ಗೊಬ್ಬರದ ಲೆಕ್ಕ. ಕೊಳೆರೋಗ, ಎಲೆಚುಕ್ಕಿ ರೋಗ, ಕಾಯಿಕೊರಕ ಇವು ಯಾವ ಕಡೆಯಿಂದ ಹರಡುತ್ತಿವೆ, ಮಣ್ಣಿನ ಪರೀಕ್ಷೆಯ ಫಲಿತಾಂಶ ಎಲ್ಲಿ ಹೇಗಿದೆ ಎಂದು ಕಾಣಲು. ಮೂರು, ನೀರು ಮತ್ತು ದಾರಿ. ಎತ್ತರದ ಕೆರೆಯಿಂದ ತೋಟಕ್ಕೆ ನೀರು ತಾನಾಗಿ ಹರಿದೀತೇ ಎಂದು ತಿಳಿಯಲು. ನಾಲ್ಕು, ಗಡಿ. ಪಾಲು, ಮಾರಾಟ, ಸಾಲ, ನೆರೆಯವರೊಂದಿಗಿನ ತಕರಾರು ಇವುಗಳಿಗಾಗಿ.

ಈ ನಾಲ್ಕಕ್ಕೂ ಬೇಕಾದ ನಿಖರತೆ ಒಂದೇ ಅಲ್ಲ. ರೋಗದ ನಕ್ಷೆಗೆ ಐದಾರು ಮೀಟರ್ ಅತ್ತಿತ್ತಲಾದರೆ ಬಾಧಕವಿಲ್ಲ. ಗಡಿಯ ವಿಷಯದಲ್ಲಿ ಅರ್ಧ ಮೀಟರೂ ಜಗಳಕ್ಕೆ ಸಾಕು. ಎಲ್ಲಕ್ಕೂ ಅತಿ ಸೂಕ್ಷ್ಮದ ಅಳತೆ ಕೇಳಿದರೆ ಹಣ ವ್ಯರ್ಥ. ಎಲ್ಲಕ್ಕೂ ಫೋನಿನ ಅಳತೆ ಸಾಕೆಂದರೆ ಮುಂದೆ ಕಷ್ಟ.

ನಿಖರತೆಯನ್ನು ಅಂಕಿಯಲ್ಲಿ ಬರೆಯಬೇಕು

"ಸರಿಯಾಗಿ ಅಳೆಯಬೇಕು" ಎಂದು ಕರಾರಿನಲ್ಲಿ ಬರೆದರೆ ಅದಕ್ಕೆ ಅರ್ಥವಿಲ್ಲ. ಎಷ್ಟು ಮೀಟರಿನೊಳಗೆ, ಅಥವಾ ಎಷ್ಟು ಸೆಂಟಿಮೀಟರಿನೊಳಗೆ ಸರಿಯಿರಬೇಕೆಂದು ಅಂಕಿಯಲ್ಲಿ ಬರೆಯತಕ್ಕದ್ದು.

ಒಂದು ಲೆಕ್ಕ ನೋಡಿ. ಚಚ್ಚೌಕವಾದ ಒಂದು ಎಕ್ರೆ ತೋಟದ ಪ್ರತಿ ಬದಿ ಸುಮಾರು 63.6 ಮೀಟರ್. ಬಯಲಿನಲ್ಲಿ ಒಳ್ಳೆಯ ಫೋನು ತೋರಿಸುವ ಸ್ಥಾನ ಸುಮಾರು 5 ಮೀಟರ್ ಹೆಚ್ಚುಕಡಿಮೆ ಇರಬಹುದು. ನಾಲ್ಕು ಮೂಲೆಗಳಲ್ಲಿ ಒಂದೇ ಒಂದು ಮೂಲೆ ಕರ್ಣದ ದಿಕ್ಕಿನಲ್ಲಿ 5 ಮೀಟರ್ ಹೊರಕ್ಕೆ ಸರಿದರೆ ವಿಸ್ತೀರ್ಣದಲ್ಲಿ ಸುಮಾರು 225 ಚದರ ಮೀಟರ್ ವ್ಯತ್ಯಾಸ ಬರುತ್ತದೆ. ಅದು ಎರಡೂಕಾಲು ಗುಂಟೆ, 2.7 ಮೀಟರ್ ಅಂತರದಲ್ಲಿ ನೆಟ್ಟರೆ ಸುಮಾರು ಮೂವತ್ತು ಅಡಿಕೆ ಮರಗಳ ಜಾಗ. ತೋಟ ಚಿಕ್ಕದಾದಷ್ಟೂ ಈ ತಪ್ಪಿನ ಪಾಲು ದೊಡ್ಡದು. ನೂರು ಎಕ್ರೆಯ ಎಸ್ಟೇಟಿಗೆ ಎರಡು ಗುಂಟೆ ಲೆಕ್ಕಕ್ಕಿಲ್ಲ. ಒಂದು ಎಕ್ರೆಯವನಿಗೆ ಅದು ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು.

ಇನ್ನೊಂದು ಮಾತು. ಅಕ್ಷಾಂಶ ರೇಖಾಂಶಗಳನ್ನು ದಶಾಂಶದಲ್ಲಿ ಬರೆಯುವಾಗ ಎಷ್ಟು ಅಂಕಿಗಳಿರಬೇಕೆಂಬುದೂ ಮುಖ್ಯ. ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಬಿಂದುವಿನ ನಂತರ ನಾಲ್ಕು ಅಂಕಿ ಬರೆದರೆ 11 ಮೀಟರ್, ಐದು ಬರೆದರೆ 1.1 ಮೀಟರ್, ಆರು ಬರೆದರೆ 11 ಸೆಂಟಿಮೀಟರ್ ತನಕ ಹೇಳಿದಂತಾಯಿತು. ಯುರೋಪಿನ ನಿಯಮ ಕನಿಷ್ಠ ಆರು ಅಂಕಿಗಳನ್ನು ಕೇಳುತ್ತದೆ. ಆದರೆ ಆರು ಅಂಕಿ ಬರೆದ ಮಾತ್ರಕ್ಕೆ ಅಳತೆ 11 ಸೆಂಟಿಮೀಟರಿನಷ್ಟು ನಿಖರವೆಂದು ತಿಳಿಯಬಾರದು. ಐದು ಮೀಟರ್ ತಪ್ಪಿರುವ ಫೋನೂ ಆರು ಅಂಕಿಗಳನ್ನೇ ಬರೆಯುತ್ತದೆ. ಬರೆದ ಅಂಕಿ ಬೇರೆ, ಅಳತೆಯ ನಿಖರತೆ ಬೇರೆ. ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು.

ನೆರಳಿನ ಮರಗಳ ಕೆಳಗೆ

ಗದ್ದೆಯಲ್ಲಿ ಅಳೆದಂತೆ ಕಾಫಿ ತೋಟದಲ್ಲಿ ಅಳೆಯಲಾಗುವುದಿಲ್ಲ. ಸಿಲ್ವರ್ ಓಕ್, ಹಾಲುವಾಣ, ಕಾಡುಮರಗಳ ನೆರಳಿನಲ್ಲಿ ಉಪಗ್ರಹದ ಸಂಕೇತ ಎಲೆಗೆ ತಾಗಿ, ಕಾಂಡಕ್ಕೆ ತಾಗಿ, ಓರೆಯಾಗಿ ಯಂತ್ರಕ್ಕೆ ಬರುತ್ತದೆ. ಬಯಲಿನಲ್ಲಿ ಒಂದೆರಡು ಸೆಂಟಿಮೀಟರಿನಷ್ಟು ಸರಿಯಾಗಿ ತೋರುವ ಬೆಲೆಬಾಳುವ ಯಂತ್ರವೂ ದಟ್ಟ ನೆರಳಿನಲ್ಲಿ ಮೀಟರುಗಟ್ಟಲೆ ತಪ್ಪಬಹುದು.

ಈ ಯಂತ್ರಗಳು ತಮ್ಮ ಲೆಕ್ಕ ಗಟ್ಟಿಯಾಗಿ ಕೂತಿತೇ ಇಲ್ಲವೇ ಎಂಬುದನ್ನು ತಾವೇ ತೋರಿಸುತ್ತವೆ. ಗಟ್ಟಿಯಾದದ್ದಕ್ಕೆ "ಫಿಕ್ಸ್", ಇನ್ನೂ ತೇಲುತ್ತಿರುವುದಕ್ಕೆ "ಫ್ಲೋಟ್" ಎಂದು ಹೆಸರು. ಪ್ರತಿಯೊಂದು ಬಿಂದುವಿನ ಎದುರಿಗೂ ಅದು ಫಿಕ್ಸೋ ಫ್ಲೋಟೋ ಎಂದು ದಾಖಲಿಸಿ ಕೊಡಬೇಕೆಂದು ಪಟ್ಟಿಯಲ್ಲಿ ಸೇರಿಸಿ. ಗಡಿಯ ಕಲ್ಲು ನೆರಳಿನಲ್ಲಿದ್ದರೆ, ಹತ್ತಿರದ ಬಯಲಿನಲ್ಲಿ ಎರಡು ಬಿಂದುಗಳನ್ನು ಉಪಗ್ರಹದಿಂದ ಗೊತ್ತುಮಾಡಿ, ಅಲ್ಲಿಂದ ಟೋಟಲ್ ಸ್ಟೇಷನ್ ಯಂತ್ರದಿಂದ ಕೋನ ಮತ್ತು ದೂರ ಅಳೆದು ಕಲ್ಲಿಗೆ ಬರುವುದು ಸರಿಯಾದ ಕ್ರಮ. ಹಾಗೆ ಸುತ್ತಿ ಹೊರಟ ಬಿಂದುವಿಗೆ ಮರಳಿ ಬಂದಾಗ ಎಷ್ಟು ವ್ಯತ್ಯಾಸ ಉಳಿಯಿತೆಂಬುದನ್ನೂ ಬರೆದು ಕೊಡಲು ಹೇಳಬೇಕು.

ಡ್ರೋನ್ ಚಿತ್ರ ನೋಡಲು ಬಹಳ ಚೆಂದ. ಆದರೆ ಅದಕ್ಕೆ ಕಾಣುವುದು ಮರದ ನೆತ್ತಿ. ನೆಲದ ಮೇಲಿನ ಬಾಂದುಕಲ್ಲಲ್ಲ. ಕಣ, ಕೆರೆ, ದಾರಿಗಳಿಗೆ ಅದು ಉಪಯುಕ್ತ. ನೆರಳಿನೊಳಗಿನ ಗಡಿಗೆ ಅದೊಂದನ್ನೇ ನಂಬಲಾಗದು.

ಯಾವ ಆಧಾರದ ಮೇಲೆ ಅಳೆದದ್ದು?

ಇದು ಸ್ವಲ್ಪ ಕ್ಲಿಷ್ಟ ವಿಷಯ. ಆದರೆ ಅತಿ ಹೆಚ್ಚು ನಷ್ಟ ಆಗುವುದೂ ಇಲ್ಲಿಯೇ. ಭೂಮಿ ಪೂರ್ಣ ಗುಂಡಾಗಿಲ್ಲದ್ದರಿಂದ, ಅಕ್ಷಾಂಶ ರೇಖಾಂಶ ಹೇಳಲು ಭೂಮಿಯ ಆಕಾರದ ಬಗ್ಗೆ ಒಂದು ಲೆಕ್ಕವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಲ್ಯಾಂಬ್ಟನ್ ಆರಂಭಿಸಿದ ಮಹಾ ತ್ರಿಕೋನಮಿತಿ ಮೋಜಣಿಯನ್ನು ಮುಂದುವರಿಸಿದ ಎವರೆಸ್ಟ್, 1830ರಲ್ಲಿ ಅಂಥದೊಂದು ಲೆಕ್ಕವನ್ನು ಕೊಟ್ಟ. ಭಾರತದ ಹಳೆಯ ಸ್ಥಳಾಕೃತಿ ನಕಾಶೆಗಳೆಲ್ಲ ಅದರ ಮೇಲೆ ನಿಂತಿವೆ. ಇಂದಿನ ಉಪಗ್ರಹ ಯಂತ್ರಗಳೂ ಫೋನುಗಳೂ ಬಳಸುವುದು ಡಬ್ಲ್ಯೂ.ಜಿ.ಎಸ್. 84 ಎಂಬ ಬೇರೊಂದು ಲೆಕ್ಕವನ್ನು.

ಒಂದೇ ಜಾಗದ ಅಕ್ಷಾಂಶ ರೇಖಾಂಶ ಈ ಎರಡರಲ್ಲಿ ಬೇರೆಬೇರೆ. ಹಳೆಯ ಲೆಕ್ಕದ ಅಂಕಿಯನ್ನು ಹೊಸದೆಂದು ತಿಳಿದು ನಕ್ಷೆಗೆ ಹಾಕಿದರೆ ನಮ್ಮ ಕಡೆ ಜಾಗ ನೂರು ಮೀಟರಿಗೂ ಹೆಚ್ಚು ದೂರ ಸರಿಯುತ್ತದೆ. ಎರಡು ಎಕ್ರೆಯ ತೋಟವೊಂದು ನೂರು ಮೀಟರ್ ಸರಿದರೆ ಎಲ್ಲಿಗೆ ಹೋಗಿ ಕೂರುತ್ತದೆಂದು ಯೋಚಿಸಿ: ನೆರೆಯವರ ಗದ್ದೆಯಲ್ಲಿ, ಇಲ್ಲವೇ ಮೀಸಲು ಅರಣ್ಯದಲ್ಲಿ. ದೂರದ ಊರಿನಲ್ಲಿ ಕುಳಿತು ಕಂಪ್ಯೂಟರಿನಲ್ಲಿ ನೋಡುವವನಿಗೆ ಕಾಣುವುದು ಅಷ್ಟೇ. ಬೆಳೆಗಾರ ಕಾಡಿನೊಳಗೆ ಕಾಫಿ ಹಾಕಿದ್ದಾನೆಂದೇ ಅವನು ಭಾವಿಸುತ್ತಾನೆ.

ಆದ್ದರಿಂದ ಪಟ್ಟಿಯಲ್ಲಿ ಹೀಗೆ ಬರೆಯಿರಿ: ಅಕ್ಷಾಂಶ ರೇಖಾಂಶಗಳು ಡಬ್ಲ್ಯೂ.ಜಿ.ಎಸ್. 84 ಆಧಾರದಲ್ಲಿರಬೇಕು, ಕಂಪ್ಯೂಟರಿನವರ ಭಾಷೆಯಲ್ಲಿ ಅದರ ಸಂಕೇತ ಸಂಖ್ಯೆ 4326. ವಿಸ್ತೀರ್ಣ, ದೂರಗಳ ಲೆಕ್ಕವನ್ನು ಮೀಟರಿನಲ್ಲಿ ಮಾಡಲು ಯು.ಟಿ.ಎಂ. 43ನೇ ಉತ್ತರ ವಲಯ ಬಳಸಬೇಕು. ಸಂಕೇತ ಸಂಖ್ಯೆ 32643. ಪೂರ್ವ ರೇಖಾಂಶ 72ರಿಂದ 78 ಡಿಗ್ರಿಯವರೆಗಿನ ಭಾಗ ಈ ವಲಯಕ್ಕೆ ಸೇರಿದ್ದರಿಂದ ಕರಾವಳಿ, ಮಲೆನಾಡು, ಕೊಡಗು ಎಲ್ಲವೂ ಇದರೊಳಗೆ ಬರುತ್ತವೆ.

ಎತ್ತರದ ವಿಷಯದಲ್ಲಿಯೂ ಹೀಗೆಯೇ. ಉಪಗ್ರಹ ಯಂತ್ರ ನೇರವಾಗಿ ಕೊಡುವ ಎತ್ತರ ಸಮುದ್ರಮಟ್ಟದಿಂದ ಅಳೆದದ್ದಲ್ಲ. ನಮ್ಮ ಭಾಗದಲ್ಲಿ ಅದು ನಿಜವಾದ ಎತ್ತರಕ್ಕಿಂತ 80 ಮೀಟರಿಗೂ ಹೆಚ್ಚು ಕಡಿಮೆ ತೋರುತ್ತದೆ. ಒಂದೇ ತೋಟದ ಕೆರೆಗೂ ಕಣಕ್ಕೂ ಇರುವ ಏರಿಳಿತ ತಿಳಿಯಲು ಇದರಿಂದ ಅಡ್ಡಿಯಿಲ್ಲ. ಆದರೆ ಒಂದು ನಕ್ಷೆಯಲ್ಲಿ ಯಂತ್ರದ ಎತ್ತರ, ಇನ್ನೊಂದರಲ್ಲಿ ಸಮುದ್ರಮಟ್ಟದ ಎತ್ತರ ಬೆರೆತರೆ ನೀರು ಗುಡ್ಡ ಹತ್ತುವಂತೆ ಕಂಡೀತು. ಯಾವುದೆಂದು ಬರೆಸಿಕೊಳ್ಳಿ.

ಇಳಿಜಾರಿನ ತೋಟ ಕಡಿಮೆಯಾದದ್ದೇಕೆ?

ಹೊಸ ಅಳತೆಯಲ್ಲಿ ತೋಟ ಕಡಿಮೆ ಬಂತು ಎಂದು ಕೆಲವರು ದೂರುವುದುಂಟು. ಎಲ್ಲ ಸಲವೂ ಅದು ಅಳೆದವರ ತಪ್ಪಾಗಿರುವುದಿಲ್ಲ. ನಕ್ಷೆಯಲ್ಲಿಯೂ ಪಹಣಿಯಲ್ಲಿಯೂ ಇರುವುದು ಮಟ್ಟಸವಾದ ಅಳತೆ. ಗುಡ್ಡದ ಮೈಗೆ ಹಗ್ಗ ಹಿಡಿದ ಅಳತೆಯಲ್ಲ. 20 ಡಿಗ್ರಿ ಇಳಿಜಾರಿನಲ್ಲಿ ಹಗ್ಗದಿಂದ ನೂರು ಮೀಟರ್ ಅಳೆದರೆ ನಕ್ಷೆಯಲ್ಲಿ ಅದು 94 ಮೀಟರ್. ಹೀಗೆ ಹಗ್ಗದ ಲೆಕ್ಕದಲ್ಲಿ ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ತೋಟ, ಅಂದರೆ ಸುಮಾರು 2 ಎಕ್ರೆ 19 ಗುಂಟೆ, ನಕ್ಷೆಯಲ್ಲಿ 2 ಎಕ್ರೆ 13 ಗುಂಟೆಯಾಗುತ್ತದೆ. ಆರು ಗುಂಟೆ ಯಾರೂ ಕದ್ದಿಲ್ಲ. ಗಿಡಗಳ ಎಣಿಕೆ, ಗೊಬ್ಬರದ ಲೆಕ್ಕಕ್ಕೆ ಇಳಿಜಾರಿನ ವಿಸ್ತೀರ್ಣವೂ ಬೇಕಾದರೆ ಅದನ್ನು ಬೇರೆ ಅಂಕಣದಲ್ಲಿ ಕೇಳಿ ಪಡೆಯಬೇಕು.

ಎರಡು ಗೆರೆಗಳು: ದಾಖಲೆಯ ಗಡಿ, ಅನುಭೋಗದ ಗಡಿ

ಅಳೆಯಲು ಬಂದವರು "ಗಡಿ ತೋರಿಸಿ" ಎಂದಾಗ ನಾವು ತೋರಿಸುವುದು ಬೇಲಿಯನ್ನು ಅಥವಾ ಅಗಳನ್ನು. ಟಿಪ್ಪಣಿಯಲ್ಲಿರುವುದು ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಎಳೆದ ಗೆರೆ. ಇವೆರಡೂ ಒಂದೇ ಆಗಿರಬೇಕೆಂದೇನಿಲ್ಲ. ಎರಡನ್ನೂ ಒಂದೇ ಗೆರೆಯಾಗಿ ಬರೆದರೆ, ಮುಂದೊಂದು ದಿನ ಬೇಲಿಯೇ ಹದ್ದು ಎಂದು ಯಾರಾದರೂ ವಾದಿಸಲು, ಅಥವಾ ನಮ್ಮ ನಕ್ಷೆಯನ್ನೇ ನಮ್ಮ ಮೇಲೆ ಒತ್ತುವರಿಯ ಸಾಕ್ಷಿಯಾಗಿ ಹಿಡಿಯಲು ಎಡೆಯಾಗುತ್ತದೆ. ಆದ್ದರಿಂದ ದಾಖಲೆಯ ಗಡಿ ಒಂದು ಪದರ, ಬೇಲಿ ಅಥವಾ ಅಗಳಿನ ಗೆರೆ ಇನ್ನೊಂದು ಪದರ ಎಂದು ಪ್ರತ್ಯೇಕವಾಗಿಯೇ ಕೇಳಿ. ಕಲ್ಲು ಕಣ್ಣಿಗೆ ಸಿಕ್ಕಿತೇ, ಸಿಗಲಿಲ್ಲವೇ, ಯಾರು ತೋರಿಸಿದರು ಎಂಬುದನ್ನೂ ಬರೆಸಿ.

ಜಮೀನಿನ ಹಕ್ಕಿನ ಬಗೆಯೂ ಹಾಗೆಯೇ. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಮಲೆನಾಡಿನ ಸೊಪ್ಪಿನಬೆಟ್ಟ ಇವುಗಳ ಕಥೆಯೇ ಬೇರೆ. ಕುಮ್ಕಿ, ಸೊಪ್ಪಿನಬೆಟ್ಟಗಳಲ್ಲಿ ನಮಗಿರುವುದು ಸೊಪ್ಪು ಸೌದೆಗಳ ಸವಲತ್ತು, ಪಟ್ಟಾ ಜಮೀನಿನಂಥ ಒಡೆತನವಲ್ಲ. ಇವನ್ನು ತೋಟದೊಂದಿಗೆ ಕೂಡಿಸಿ ಒಂದೇ ಪಾಲಿಗಾನ್ ಮಾಡಬಾರದು. ಪಟ್ಟಾ, ಖರಾಬು, ಕುಮ್ಕಿ, ಬಾಣೆ, ಬೆಟ್ಟ ಎಂದು ಪ್ರತಿಯೊಂದು ತುಂಡಿಗೂ ಹಕ್ಕಿನ ಬಗೆಯ ಅಂಕಣವಿರಲಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಂಘ ಮಾಡಿಸಿದ ನಕ್ಷೆ ಹಕ್ಕುಪತ್ರವಲ್ಲ. ಗಡಿ ಗೊತ್ತುಮಾಡಬೇಕಾದರೆ ಭೂಮಾಪನ ಇಲಾಖೆಗೆ ಹದ್ದುಬಸ್ತಿಗೆ ಅರ್ಜಿ ಕೊಡಬೇಕು. ಪಾಲು ಮಾರಾಟಗಳಿಗೆ ಪೋಡಿ, 11ಇ ನಕ್ಷೆಗಳ ಕ್ರಮವೇ ಬೇರೆ ಇದೆ. ದಿಶಾಂಕ್ ಆ್ಯಪ್ ನಾವು ನಿಂತ ಜಾಗ ಯಾವ ಸರ್ವೆ ನಂಬರೆಂದು ತಿಳಿಯಲು ಬಹಳ ಉಪಕಾರಿ. ಆದರೆ ಹಳೆಯ ಗ್ರಾಮ ನಕಾಶೆಯನ್ನು ಇಂದಿನ ಚಿತ್ರದ ಮೇಲೆ ಹೊಂದಿಸಿದಾಗ ಗೆರೆ ಅತ್ತಿತ್ತ ಸರಿಯುವುದು ಸಹಜ. ಫೋನಿನ ಗೆರೆ ನೋಡಿ ಬೇಲಿ ಕೀಳಬಾರದು.

ಪಟ್ಟಿಯ ಅಂಕಣಗಳು

ನಕ್ಷೆಯ ಹಿಂದಿರುವ ಪಟ್ಟಿ ಸರಿಯಿಲ್ಲದಿದ್ದರೆ ನಕ್ಷೆ ಬರಿಯ ಚಿತ್ರ. ಅಂಕಣಗಳನ್ನು ಗೊತ್ತುಮಾಡುವಾಗ ಈ ಕೆಳಗಿನವನ್ನು ಗಮನಿಸಿ.

ಸರ್ವೆ ನಂಬರು ಮತ್ತು ಹಿಸ್ಸಾವನ್ನು ಬೇರೆಬೇರೆ ಅಂಕಣಗಳಲ್ಲಿ, ಅಕ್ಷರರೂಪದಲ್ಲಿಯೇ ಇಡಬೇಕು. 5/2 ಎಂದು ಒಂದೇ ಕಡೆ ಬರೆದರೆ ಲೆಕ್ಕದ ತಂತ್ರಾಂಶ ಅದನ್ನು ದಿನಾಂಕವೆಂದು ತಿಳಿದು ಫೆಬ್ರವರಿ 5 ಮಾಡಿಬಿಡುತ್ತದೆ.

ವಿಸ್ತೀರ್ಣದ ಮಾನವನ್ನು ಸ್ಪಷ್ಟವಾಗಿ ಬರೆಯಬೇಕು. 1.20 ಎಂದಿದ್ದರೆ 1 ಎಕ್ರೆ 20 ಗುಂಟೆಯೋ, 1 ಎಕ್ರೆ 20 ಸೆಂಟ್ಸೋ? ಮೊದಲನೆಯದು ಒಂದೂವರೆ ಎಕ್ರೆ. ಎರಡಕ್ಕೂ 12 ಗುಂಟೆಯ ಅಂತರ. ಎಕ್ರೆ ಒಂದು ಅಂಕಣ, ಗುಂಟೆ ಅಥವಾ ಸೆಂಟ್ಸು ಇನ್ನೊಂದು, ಹೆಕ್ಟೇರು ಮತ್ತೊಂದು ಎಂದಿರಲಿ. ಪಹಣಿಯ ವಿಸ್ತೀರ್ಣ ಮತ್ತು ಅಳೆದ ವಿಸ್ತೀರ್ಣ ಎರಡೂ ಇರಲಿ; ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವುದು ಬೇಡ.

ಖಾತೆದಾರರ ಹೆಸರು, ತೋಟ ನೋಡಿಕೊಳ್ಳುವವರ ಹೆಸರು ಬೇರೆಬೇರೆ. ಪಹಣಿ ಅಜ್ಜನ ಹೆಸರಿನಲ್ಲಿ, ಸಾಗುವಳಿ ಮೊಮ್ಮಗನದು ಎಂಬುದು ನಮ್ಮಲ್ಲಿ ಹೊಸತೇನಲ್ಲ. ಸಂಘದ ಸದಸ್ಯತ್ವದ ಸಂಖ್ಯೆ, ಕಾಫಿ ನೋಂದಣಿ ಸಂಖ್ಯೆ, ಸರಕಾರ ಕೊಡುವ ಹದಿನಾಲ್ಕು ಅಕ್ಷರಾಂಕಗಳ ಭೂ ಆಧಾರ್ ಸಂಖ್ಯೆಗೂ ಜಾಗ ಬಿಟ್ಟಿರಿ. ಇಂದು ಖಾಲಿಯಿದ್ದರೂ ನಾಳೆ ತುಂಬಬಹುದು.

ಕಾಫಿಯವರು ಮರೆಯಬಾರದ ಅಂಕಣ ಎರಡು: ಜಮೀನು ಮೊದಲು ತೋಟವಾದ ವರ್ಷ, ಮತ್ತು ಈಗಿರುವ ಗಿಡ ನೆಟ್ಟ ವರ್ಷ. ಮೂವತ್ತು ವರ್ಷದ ಹಳೆಯ ಗಿಡ ಕಿತ್ತು 2022ರಲ್ಲಿ ಮರುನಾಟಿ ಮಾಡಿದವರ ಎದುರಿಗೆ "ನೆಟ್ಟ ವರ್ಷ 2022" ಎಂದಷ್ಟೇ ಇದ್ದರೆ, ಅದು 2020ರ ನಂತರ ಕಾಡು ಕಡಿದದ್ದೆಂಬ ಸಂದೇಹಕ್ಕೆ ಎಡೆಯಾಗುತ್ತದೆ. ನೆರಳಿನ ಕಾಫಿ ತೋಟ ಉಪಗ್ರಹದ ಚಿತ್ರದಲ್ಲಿ ಕಾಡಿನಂತೆಯೇ ಕಾಣುವುದರಿಂದ ನಮ್ಮ ಪರವಾಗಿ ಮಾತನಾಡುವುದು ಈ ಅಂಕಣ ಮತ್ತು ಅದರ ಹಿಂದಿನ ದಾಖಲೆಗಳೇ.

ಅದೇ ನಿಯಮದ ಪ್ರಕಾರ 4 ಹೆಕ್ಟೇರು, ಅಂದರೆ ಸುಮಾರು 9 ಎಕ್ರೆ 35 ಗುಂಟೆಗಿಂತ ದೊಡ್ಡ ಕಾಫಿ ಜಮೀನಿಗೆ ಪಾಲಿಗಾನ್ ಬೇಕು. ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. ಅಂದರೆ ನಮ್ಮಲ್ಲಿ ಬಹು ಮಂದಿಗೆ ಮಾರಾಟದ ಮಟ್ಟಿಗೆ ಒಂದು ಬಿಂದುವೇ ಸಾಕು. ಆದರೆ ಆ ಬಿಂದು ಕಾಫಿ ಗಿಡಗಳ ನಡುವೆ ಇರಬೇಕು; ಮನೆಯಂಗಳದಲ್ಲಿ ಅಲ್ಲ. ಬೇರೆಬೇರೆ ಕಡೆ ಮೂರು ತುಂಡು ಇದ್ದರೆ ಮೂರಕ್ಕೂ ಬೇರೆ ಬಿಂದು ಬೇಕು.

ಬೆಳೆ, ತಳಿ, ರೋಗ ಇವುಗಳ ಹೆಸರುಗಳಿಗೆ ಒಂದೇ ಪಟ್ಟಿಯಿಂದ ಆರಿಸುವ ವ್ಯವಸ್ಥೆ ಇರಲಿ. ಒಬ್ಬರು ರೋಬಸ್ಟಾ, ಒಬ್ಬರು ರೊಬಸ್ಟ ಎಂದು ಬರೆದರೆ ಕಂಪ್ಯೂಟರಿಗೆ ಅವೆರಡು ಬೆಳೆ. ಕನ್ನಡವನ್ನು ಯೂನಿಕೋಡಿನಲ್ಲಿಯೇ ಟೈಪಿಸಬೇಕೆಂದು ತಿಳಿಸಿ. ಹಳೆಯ ಅಕ್ಷರಶೈಲಿಗಳಲ್ಲಿ ಬರೆದದ್ದು ಬೇರೆ ಕಂಪ್ಯೂಟರಿನಲ್ಲಿ ಓದಲಾಗದಂತಾಗುತ್ತದೆ.

ನೆರೆಹೊರೆಯ ಗೆರೆ, ತಪಾಸಣೆ, ಹಸ್ತಾಂತರ

ಎರಡು ತೋಟಗಳಿಗೆ ನಡುವಿನ ಗಡಿ ಒಂದೇ ಇರುವಾಗ ನಕ್ಷೆಯಲ್ಲಿಯೂ ಗೆರೆ ಒಂದೇ ಇರಬೇಕು. ಬೇರೆಬೇರೆ ದಿನ ಬೇರೆಬೇರೆಯಾಗಿ ಅಳೆದರೆ ಒಂದು ತೋಟ ಇನ್ನೊಂದರ ಮೇಲೆ ಹತ್ತುತ್ತದೆ, ಇಲ್ಲವೇ ನಡುವೆ ಯಾರಿಗೂ ಸೇರದ ಸೀಳು ಉಳಿಯುತ್ತದೆ. ಇದನ್ನು ಕಚೇರಿಯಲ್ಲಿ ಕುಳಿತು ಎಳೆದು ಸರಿಮಾಡಲು ಬಿಡಬಾರದು; ಇಬ್ಬರು ನೆರೆಯವರನ್ನೂ ಸ್ಥಳದಲ್ಲಿ ನಿಲ್ಲಿಸಿ ಒಂದೇ ಸಲ ಅಳೆದು, ಇಬ್ಬರ ಒಪ್ಪಿಗೆಯ ಸಹಿ ಪಡೆಯುವುದು ಮೇಲು. ಒಪ್ಪದಿದ್ದರೆ "ತಕರಾರಿದೆ" ಎಂದೇ ದಾಖಲಿಸಲಿ.

ಕೆಲಸ ಮುಗಿದ ಮೇಲೆ ಹಣ ಪೂರ್ತಿ ಕೊಡುವ ಮುನ್ನ ಹತ್ತರಲ್ಲಿ ಒಂದು ತೋಟವನ್ನಾದರೂ ಸಂಘವೇ ಆರಿಸಿ, ಬೇರೊಬ್ಬರಿಂದ ಮರು ಅಳತೆ ಮಾಡಿಸಬೇಕು. ಯಾವುದನ್ನು ಆರಿಸುತ್ತೇವೆಂದು ಮೊದಲೇ ಹೇಳಬಾರದು.

ಕಾಗದದ ನಕ್ಷೆ, ಪಿ.ಡಿ.ಎಫ್. ಇವು ನೋಡಲು ಮಾತ್ರ. ನಕ್ಷೆಯ ಮೂಲ ಕಡತಗಳನ್ನು ಕೇಳಿ ಪಡೆಯಬೇಕು. ಶೇಪ್‌ಫೈಲ್ ಎಂಬ ಬಗೆಯಲ್ಲಿ ಕೊಟ್ಟರೆ ಅದು ಒಂದು ಕಡತವಲ್ಲ, ಹಲವು ಕಡತಗಳ ಗೊಂಚಲು. ಅದರಲ್ಲಿ ಅಳತೆಯ ಆಧಾರ ತಿಳಿಸುವ ಚಿಕ್ಕದೊಂದು ಕಡತ ಬಿಟ್ಟುಹೋದರೆ ಮೇಲೆ ಹೇಳಿದ ನೂರು ಮೀಟರಿನ ಗೊಂದಲ ಮತ್ತೆ ಹುಟ್ಟುತ್ತದೆ. ಯಂತ್ರದಿಂದ ನೇರ ಬಂದ ಕಚ್ಚಾ ಅಂಕಿಗಳೂ ನಮ್ಮವೇ, ಅವನ್ನೂ ಪಡೆದಿಡಿ. ಈ ಮಾಹಿತಿಯ ಒಡೆತನ ಸಂಘದ್ದು ಮತ್ತು ಸದಸ್ಯರದ್ದು, ಸದಸ್ಯರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಕೊಡತಕ್ಕದ್ದಲ್ಲ ಎಂಬ ಮಾತು ಕರಾರಿನಲ್ಲಿ ಇರಲೇಬೇಕು.

ಕರಾರಿಗೆ ಸೇರಿಸಬೇಕಾದ ಅಂಶಗಳು

1. ನಕ್ಷೆಯ ಉದ್ದೇಶ ಮತ್ತು ಅಳೆಯಬೇಕಾದ ಗ್ರಾಮ, ಸರ್ವೆ ನಂಬರುಗಳ ಪಟ್ಟಿ.
2. ಯಾವುದು ಬಿಂದು, ಯಾವುದು ಗೆರೆ, ಯಾವುದು ಪಾಲಿಗಾನ್.
3. ಆಧಾರ: ಡಬ್ಲ್ಯೂ.ಜಿ.ಎಸ್. 84, ಯು.ಟಿ.ಎಂ. 43 ಉತ್ತರ, ದಶಾಂಶ ಆರು ಅಂಕಿ.
4. ನಿಖರತೆ: ಗಡಿಕಲ್ಲಿಗೆ ಎಷ್ಟು, ತೋಡು ದಾರಿಗಳಿಗೆ ಎಷ್ಟು, ಬೆಳೆಯ ಮೇರೆಗೆ ಎಷ್ಟು ಎಂದು ಅಂಕಿಯಲ್ಲಿ.
5. ನೆರಳಿನಲ್ಲಿ ಅಳೆಯುವ ವಿಧಾನ. ಪ್ರತಿ ಬಿಂದುವಿಗೆ ಫಿಕ್ಸ್ ಅಥವಾ ಫ್ಲೋಟ್ ದಾಖಲೆ.
6. ದಾಖಲೆಯ ಗಡಿ, ಬೇಲಿಯ ಗಡಿ, ಹಕ್ಕಿನ ಬಗೆ ಪ್ರತ್ಯೇಕ.
7. ಅಂಕಣಗಳ ಪೂರ್ಣ ಪಟ್ಟಿ, ಮಾನ ಸಹಿತ.
8. ನೆರೆಯ ತೋಟಗಳ ನಡುವೆ ಸೀಳು, ಮೇಲ್ಹತ್ತುವಿಕೆ ಇರಕೂಡದು.
9. ಅಳೆದ ದಿನಾಂಕ, ಯಂತ್ರ, ವಿಧಾನ, ಅಳೆದವರ ಹೆಸರು.
10. ಮರು ಅಳತೆಯ ತಪಾಸಣೆ. ತಪ್ಪಿದ್ದರೆ ಅವರದೇ ಖರ್ಚಿನಲ್ಲಿ ತಿದ್ದುಪಡಿ.
11. ಮೂಲ ಕಡತ, ಕಚ್ಚಾ ಅಂಕಿಗಳ ಹಸ್ತಾಂತರ. ಒಡೆತನ ಮತ್ತು ಗೋಪ್ಯತೆ.
12. ಪಾಲು, ಮಾರಾಟ, ಮರುನಾಟಿ ಆದಾಗ ನಕ್ಷೆ ತಿದ್ದುವ ಹೊಣೆ ಯಾರದೆಂಬುದು.

ಕೊನೆಯದಾಗಿ, ಸದಸ್ಯರು ತಮ್ಮ ಮಟ್ಟಿಗೆ ಇಂದೇ ಮಾಡಬಹುದಾದ ಕೆಲಸವಿದೆ. ಪಹಣಿ, ಟಿಪ್ಪಣಿ ಅಥವಾ ಎಫ್.ಎಂ.ಬಿ. ನಕಲು, ಕಾಫಿ ನೋಂದಣಿಯ ಹಳೆಯ ಕಾಗದ, ಗಿಡ ಕೊಂಡ ರಸೀದಿ ಇವುಗಳನ್ನು ಒಂದು ಕಡೆ ಕೂಡಿಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಕತ್ತಿ ಹಿಡಿದು ಗಡಿಯುದ್ದಕ್ಕೂ ನಡೆದು ಬಾಂದುಕಲ್ಲಿನ ಸುತ್ತಲಿನ ಪೊದೆ ಸವರಿಡಿ. ಕಲ್ಲು ಎಲ್ಲಿದೆಯೆಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಅವರು ನಡೆಯಬಲ್ಲಷ್ಟು ದಿನದಲ್ಲೇ ಮಕ್ಕಳನ್ನು ಜತೆಗೆ ಕಳುಹಿಸಿ ತೋರಿಸಿಕೊಳ್ಳಿ. ಯಂತ್ರ ಎಷ್ಟೇ ಸೂಕ್ಷ್ಮವಾದರೂ ಕಲ್ಲನ್ನು ಅದು ತಾನಾಗಿ ಹುಡುಕದು. ಅದನ್ನು ತೋರಿಸಬೇಕಾದವರು ನಾವೇ.